ಲ್ಯಾಪ್ ಟೈಮ್ ಹೋಲಿಸುವ ಮುನ್ನ ದೂರ ನೋಡಿ

ಜರ್ಮನಿಯ ನ್ಯೂರ್ಬರ್ಗ್‌ರಿಂಗ್ ನಾರ್ಡ್‌ಶ್ಲೈಫೆ ಟ್ರ್ಯಾಕ್‌ನ ಎರಡು ಲ್ಯಾಪ್ ತೆಗೆದುಕೊಳ್ಳೋಣ. ಮರ್ಸಿಡಿಸ್-ಎಎಂಜಿ ಜಿಟಿ ಬ್ಲ್ಯಾಕ್ ಸೀರೀಸ್, 2020ರ ನವೆಂಬರ್, ಓಡಿಸಿದವರು ಮಾರೊ ಎಂಗೆಲ್: 6:43.616 (ನಿಮಿಷ:ಸೆಕೆಂಡ್). ಮಾಂಟೈ ಕಂಪನಿಯ ಪರ್ಫಾರ್ಮೆನ್ಸ್ ಕಿಟ್ ಹಾಕಿದ ಪೋರ್ಷೆ 911 ಜಿಟಿ2 ಆರ್‌ಎಸ್, 2021ರ ಜೂನ್, ಓಡಿಸಿದವರು ಲಾರ್ಸ್ ಕೆರ್ನ್: 6:43.300. ಎರಡೂ ಸರಿಸಮ ಎಂದು ಅನೇಕರು ವಾದಿಸುತ್ತಾರೆ. ಅದು ತಪ್ಪು. ಇವುಗಳ ನಡುವೆ 4.7 ಸೆಕೆಂಡಿಗೂ ಹೆಚ್ಚು ಅಂತರವಿದೆ.

ಎಎಂಜಿಯ ಆ ಸಮಯ 20.6 ಕಿ.ಮೀ.ಗೆ, ಪೋರ್ಷೆಯದು 20.832 ಕಿ.ಮೀ.ಗೆ. ಹಳೆಯ ಕ್ರಮದಲ್ಲಿ ಟಿ13 ಎಂಬ ಪ್ರೇಕ್ಷಕರ ಗ್ಯಾಲರಿ ಮುಂದಿನ ಸುಮಾರು 232 ಮೀಟರ್ ಲೆಕ್ಕಕ್ಕೆ ಬರುತ್ತಿರಲಿಲ್ಲ. 2019ರಿಂದ ಅಧಿಕೃತ ದಾಖಲೆಗೆ ಪೂರ್ತಿ ಸುತ್ತೇ ಬೇಕು, ನೋಟರಿಯೂ ಹಾಜರಿರಬೇಕು. ಪೂರ್ತಿ ಸುತ್ತಿಗೆ ಎಎಂಜಿ ತೆಗೆದುಕೊಂಡದ್ದು 6:48.047. ಪೋರ್ಷೆಯ ಅದೇ ಲ್ಯಾಪ್ 20.6 ಕಿ.ಮೀ. ಲೆಕ್ಕದಲ್ಲಿ 6:38.835.

ಎರಡರಲ್ಲಿ ಒಂದು ದೂರದ ಸಮಯ ಮಾತ್ರ ಸಿಕ್ಕಿದ್ದರೆ, 6:40ರಿಂದ 7:00ರ ಆಸುಪಾಸಿನ ಕಾರುಗಳಿಗೆ ನಾಲ್ಕೂವರೆ ಸೆಕೆಂಡ್ ಸೇರಿಸಿ ಅಥವಾ ಕಳೆಯಿರಿ. ಕಾರು ನಿಧಾನವಾದಷ್ಟೂ ಇದು ಬೆಳೆಯುತ್ತದೆ: 2019ರ ರೆನೋ ಮೆಗಾನ್ ಆರ್‌ಎಸ್ ಟ್ರೋಫಿ-ಆರ್‌ಗೆ 7:40.1 ಮತ್ತು 7:45.389, ಅಂದರೆ 5.3 ಸೆಕೆಂಡ್. ಸಾರ್ವಜನಿಕರು ಅಳೆಯುವ ಬ್ರಿಜ್-ಟು-ಗ್ಯಾಂಟ್ರಿ (ಸೇತುವೆಯಿಂದ ಗ್ಯಾಂಟ್ರಿ ಕಮಾನಿನವರೆಗಿನ) ಲ್ಯಾಪ್ ಇನ್ನೂ ಚಿಕ್ಕದು, ಸುಮಾರು 19.1 ಕಿ.ಮೀ. ಉದ್ದನೆಯ ನೇರ ರಸ್ತೆಯ ದೊಡ್ಡ ಭಾಗವೇ ಅದರಲ್ಲಿ ಬಿಟ್ಟುಹೋಗುವುದರಿಂದ ಅದನ್ನು ಹೀಗೆ ಕೂಡಿ ಕಳೆದು ಸರಿದೂಗಿಸಲು ಆಗದು.

ದೂರ ಸರಿಹೋದ ಮೇಲೆ ಟೈರ್. ಮಿಶೆಲಿನ್ ಕಪ್ 2 ಮತ್ತು ಕಪ್ 2 ಆರ್ ಹೆಸರಲ್ಲಿ ಒಂದಕ್ಷರದ ವ್ಯತ್ಯಾಸ, ಹಿಡಿತದಲ್ಲಿ ಬಹಳ. ಟೈರ್ ಯಾವುದೆಂದು ಹೇಳದ ಲ್ಯಾಪ್ ಟೈಮ್ ಅನ್ನು ನಾನು ಹೋಲಿಕೆಗೇ ತೆಗೆದುಕೊಳ್ಳುವುದಿಲ್ಲ. ಸೆಟಪ್ ಕೂಡ ಮುಖ್ಯ: ಆ ಎಎಂಜಿಯ ಕ್ಯಾಂಬರ್ (ಚಕ್ರ ಲಂಬದಿಂದ ವಾಲಿರುವ ಕೋನ) ಮುಂದೆ −3.8, ಹಿಂದೆ −3.0 ಡಿಗ್ರಿ ಇತ್ತು. ಇದೇ ಸೆಟ್ಟಿಂಗ್‌ನಲ್ಲಿ ದಿನಾ ರಸ್ತೆಯಲ್ಲಿ ಓಡಿಸಿದರೆ ಟೈರಿನ ಒಳಅಂಚು ಬೇಗ ಸವೆಯುತ್ತದೆ.

ಹವಾಮಾನದ್ದು ಎರಡು ಕಡೆಗೂ ಎಳೆಯುವ ಲೆಕ್ಕ. ತಣ್ಣನೆಯ ಗಾಳಿ ದಟ್ಟವಾಗಿರುವುದರಿಂದ ಎಂಜಿನ್‌ಗೆ ಲಾಭ, ಆದರೆ ಟೈರ್ ಬಿಸಿಯೇರುವುದಿಲ್ಲ. ಎಎಂಜಿ ಓಡಿದ ದಿನ ಸುಮಾರು 7 ಡಿಗ್ರಿ, ಟ್ರ್ಯಾಕ್ ಅಲ್ಲಲ್ಲಿ ಪೂರ್ತಿ ಒಣಗಿರಲಿಲ್ಲ. ಹಾಗಾಗಿ 4.7 ಸೆಕೆಂಡಿನ ಅಷ್ಟೂ ಶ್ರೇಯವನ್ನು ಪೋರ್ಷೆ ಕಾರಿಗೇ ಕೊಡುವುದು ನ್ಯಾಯವಲ್ಲ.

ವಿಡಿಯೊದಿಂದ ಸಮಯ ತೆಗೆಯುವವರು ಗೆರೆ ದಾಟುವ ಎರಡು ಫ್ರೇಮ್‌ಗಳನ್ನು ನಿಲ್ಲಿಸಿ ಎಣಿಸಿ. ಸೆಕೆಂಡಿಗೆ 25 ಫ್ರೇಮ್ ಇದ್ದರೆ ಒಂದೊಂದು ಫ್ರೇಮ್ 0.04 ಸೆಕೆಂಡ್, ಅದಕ್ಕಿಂತ ಸೂಕ್ಷ್ಮ ಅಂಕಿ ಬರೆದರೆ ಅದು ಊಹೆ.

ಇಷ್ಟು ದೊಡ್ಡ ಟ್ರ್ಯಾಕ್‌ನಲ್ಲಿ ಒಂದು ಸೆಕೆಂಡ್ ಎಂದರೆ ಶೇ. 0.25 ಅಷ್ಟೇ. ಅಷ್ಟರೊಳಗಿನ ಅಂತರ ಹಿಡಿದು ಯಾವ ಕಾರು ಮೇಲು ಎಂದು ತೀರ್ಮಾನಿಸಬೇಡಿ. ಒಂದೇ ಮಾದರಿ, ಒಬ್ಬನೇ ಚಾಲಕನಾದರೂ ಸಮಯ ಎಷ್ಟು ಬದಲಾಗುತ್ತದೆ ನೋಡಿ: ಎಎಂಜಿ ಒನ್ 2022ರ ಅಕ್ಟೋಬರ್‌ನಲ್ಲಿ, ಅಲ್ಲಲ್ಲಿ ತೇವವಿದ್ದ ಟ್ರ್ಯಾಕ್‌ನಲ್ಲಿ 6:35.183 ಓಡಿತು. 2024ರ ಸೆಪ್ಟೆಂಬರ್‌ನಲ್ಲಿ ಅದೇ ಮಾದರಿ, ಅದೇ ಎಂಗೆಲ್, ಅದೇ 20.832 ಕಿ.ಮೀ.: 6:29.090.