ಗೋಡೆಗೆ ಊರಿದ ಅಂಗೈ

ನಿನ್ನೆ ರಾತ್ರಿ ಮೂರು ಗಂಟೆ. ಮೀನಖಂಡ ಗಟ್ಟಿಯಾಗಿ ಹಿಡಿದುಕೊಂಡಿತು. ಬಸುರಿನ 34ನೇ ವಾರ ನನಗೆ. ಅಮ್ಮ ಎದ್ದು ಬಂದು, ಪಾದದ ಬೆರಳುಗಳನ್ನು ಮೆಲ್ಲಗೆ ನನ್ನ ಕಡೆಗೆ ಬಾಗಿಸಿ ಹಿಡಿದಳು. ನೋವು ಇಳಿಯಿತು.

ಇವತ್ತು ಮಲಗುವ ಮುಂಚೆ ಗೋಡೆಗೆ ಅಂಗೈ ಊರಿ ನಿಂತೆ. ಒಂದು ಕಾಲು ಹಿಂದೆ, ಹಿಮ್ಮಡಿ ನೆಲಕ್ಕೆ. ಇಪ್ಪತ್ತು ಎಣಿಸುವಷ್ಟು ಹೊತ್ತು. ಜಾಸ್ತಿ ಎಳೆಯಬೇಡಿ ಅಂದಿದ್ದಾರೆ ಡಾಕ್ಟರ್. ರಿಲ್ಯಾಕ್ಸಿನ್ ಅನ್ನೋ ಹಾರ್ಮೋನಿನಿಂದ ಬಸುರಿಯ ಕೀಲುಗಳು ಸಡಿಲವಾಗಿರುತ್ತವಂತೆ.

ಎಣಿಸಿದ್ದು ಅಮ್ಮ. ಮಧ್ಯೆ ನಿಲ್ಲಿಸಿ ಹೇಳಿದಳು, "ನಿನ್ನ ಬಸುರಲ್ಲಿ ನನಗೂ ಹೀಗೇ ಹಿಡೀತಿತ್ತು ಕಣೇ. ಯಾರನ್ನೂ ಎಬ್ಬಿಸ್ತಿರಲಿಲ್ಲ."

ಕತ್ತಲಲ್ಲಿ ಸುಮ್ನೆ ಹಲ್ಲು ಕಚ್ಚಿಕೊಂಡು ಮಲಗಿದ್ದಳು, ಅಲ್ವಾ? ಹೊಟ್ಟೆಯೊಳಗೆ ನಾನಿದ್ದೆ.

ಆಮೇಲೆ ಅವಳ ಕಾಲು ನನ್ನ ತೊಡೆ ಮೇಲೆ ಇಟ್ಟುಕೊಂಡು ಒತ್ತಿದೆ. ಬೇಡ ಬೇಡ ಅಂದಳು. ಬಿಡಲಿಲ್ಲ.