ಫಲೆಪಿಲಿ ಎಂದರೆ ನೆರೆಹೊರೆ

ಬ್ರಿಸ್ಬೇನ್‌ನಲ್ಲಿ ಎಳೆಯ ಕೆಸುವಿನೆಲೆ ಸಿಕ್ಕರೆ ಅದೇ ಹಬ್ಬ. ಕಳೆದ ವಾರ ಪತ್ರೊಡೆ ಮಾಡಿ ರಾತ್ರಿ ಪಾಳಿಗೆ ಒಯ್ದಿದ್ದೆ. ವೃದ್ಧಾಶ್ರಮದಲ್ಲಿ ನನ್ನ ಜೊತೆಗಿರುವ ದಾದಿ ಪೆಸಿಫಿಕ್ ಸಾಗರದ ಪುಟ್ಟ ದ್ವೀಪದೇಶ ಟುವಾಲುವಿನವಳು, ನಾನು ಕುಮಟಾದವಳು. ಒಂದು ತುಂಡು ಬಾಯಿಗಿಟ್ಟು, “ಎಲೆಯನ್ನೂ ಬಿಡುವುದಿಲ್ಲವೇ ನೀವು?” ಎಂದು ನಕ್ಕಳು.

ಅವರಲ್ಲಿ ಗೆಡ್ಡೆಯೇ ಮುಖ್ಯ. ಪುಲಾಕ ಎಂಬುದು ಕೆಸುವಿನದೇ ಬಳಗದ ದೊಡ್ಡ ಗೆಡ್ಡೆ. ಹವಳದ ನೆಲವನ್ನು ಸಿಹಿನೀರು ಸಿಗುವವರೆಗೆ ಅಗೆದು, ಹೊಂಡಕ್ಕೆ ಎಲೆಗೊಬ್ಬರ ತುಂಬಿ ಬೆಳೆಯುತ್ತಾರೆ. ಈಗ ಆಕೆಯ ತಾಯಿಯ ಹೊಂಡದ ನೀರು ಉಪ್ಪಾಗಿದೆಯಂತೆ, ಗೆಡ್ಡೆ ಮಣ್ಣಿನಲ್ಲೇ ಕೊಳೆಯುತ್ತದಂತೆ.

ಉಪ್ಪುನೀರಿನ ಕಾಟ ನನಗೆ ಹೊಸದಲ್ಲ. ಅಘನಾಶಿನಿ ದಡದ ಗಜನಿಯಲ್ಲಿ, ಅಂದರೆ ಹಿನ್ನೀರಂಚಿನ ತಗ್ಗು ಗದ್ದೆಗಳಲ್ಲಿ, ಕಟ್ಟೆ ಒಡೆದರೆ ಗದ್ದೆಯ ಗತಿ ಏನಾಗುತ್ತದೆಂದು ನೋಡುತ್ತಲೇ ಬೆಳೆದವಳು. “ಗಟ್ಟಿಯಾಗಿ ಒಂದು ಒಡ್ಡು ಹಾಕಬಾರದೇ?” ಎಂದು ಜಾಣತನ ಮೆರೆದೆ. ಆಕೆ ಮಾತನಾಡದೆ, ಮೇಜಿನ ಮೇಲೆ ಚೆಲ್ಲಿದ್ದ ಚಹಾದ ಮೇಲೆ ಕಾಗದದ ಕರವಸ್ತ್ರ ಇಟ್ಟಳು. ಕಂದು ಕಲೆ ಅಂಚಿನಿಂದ ಬರಲಿಲ್ಲ, ನಟ್ಟನಡುವೆ ಎದ್ದಿತು. ಹವಳದ ನೆಲ ಜರಡಿಯಂಥದ್ದು. ಕಡಲು ಅಡಿಯಿಂದಲೇ ಮನೆಗೆ ಬರುತ್ತದೆ.

ಆ ದೇಶದ ಒಟ್ಟು ನೆಲ 26 ಚದರ ಕಿಲೋಮೀಟರ್, ಜನ ಸುಮಾರು 11,000. 2023ರ ನವೆಂಬರ್‌ನಲ್ಲಿ ಆಸ್ಟ್ರೇಲಿಯಾದೊಂದಿಗೆ ಫಲೆಪಿಲಿ ಒಪ್ಪಂದಕ್ಕೆ ಸಹಿಯಾಯಿತು, ಮರುವರ್ಷ ಆಗಸ್ಟ್‌ನಲ್ಲಿ ಜಾರಿಗೆ ಬಂತು. ವರ್ಷಕ್ಕೆ 280 ಜನರಿಗೆ ಇಲ್ಲಿ ಕಾಯಂ ವಾಸದ ಅವಕಾಶ. ನೌಕರಿ ಗೊತ್ತಾಗಿರಬೇಕೆಂದಿಲ್ಲ, 25 ಡಾಲರ್ ಕಟ್ಟಿ ಹೆಸರು ಬರೆಸಿದರೆ ಲಾಟರಿ ಎತ್ತುತ್ತಾರೆ. ಮೊದಲು ಕೇಳಿದಾಗ ನನಗೆ ಹೊಟ್ಟೆಕಿಚ್ಚಾದದ್ದು ನಿಜ. ವೀಸಾಕ್ಕಾಗಿ ವಯಸ್ಸಿಗಿಷ್ಟು, ಇಂಗ್ಲಿಷಿಗಿಷ್ಟು ಎಂದು ಅಂಕ ಕೂಡಿಸಿಕೊಂಡು ವರ್ಷಗಟ್ಟಲೆ ಕಾದವರು ನಾವು. 2025ರ ಮೊದಲ ಲಾಟರಿಗೆ ಮನೆಮಂದಿಯೂ ಸೇರಿ 8,750 ಹೆಸರು ಬಂದವು ಎಂದು ತಿಳಿದ ಮೇಲೆ ಕಿಚ್ಚು ಆರಿತು. ಒಂದು ದೇಶದ ಮುಕ್ಕಾಲು ಪಾಲು ಜನ!

ಬೇರೆ ಬಾಗಿಲಾದರೂ ಎಲ್ಲಿದೆ? 1951ರ ನಿರಾಶ್ರಿತರ ಒಪ್ಪಂದ ಜನಾಂಗ, ಧರ್ಮ, ರಾಷ್ಟ್ರೀಯತೆ, ಸಾಮಾಜಿಕ ಗುಂಪು, ರಾಜಕೀಯ ಅಭಿಪ್ರಾಯಗಳ ಕಾರಣಕ್ಕೆ ಕಿರುಕುಳಕ್ಕೆ ಹೆದರಿ ಬಂದವರನ್ನು ಗುರುತಿಸುತ್ತದೆ. ಕಡಲಿಗೆ ಹೆದರಿ ಬಂದವರ ಹೆಸರು ಅದರಲ್ಲಿಲ್ಲ. ನೆರೆಯ ಕಿರಿಬಾಟಿಯ ಅಯೋನೆ ಟೈಟಿಯೋಟ ಇದೇ ವಾದ ಹೂಡಿ ನ್ಯೂಜಿಲೆಂಡ್‌ನ ಸುಪ್ರೀಂ ಕೋರ್ಟ್‌ವರೆಗೆ ಹೋದರು. 2015ರಲ್ಲಿ ಅವರನ್ನು ಊರಿಗೆ ಕಳಿಸಿಬಿಟ್ಟರು.

ಹಾಗಾಗಿ ಫಲೆಪಿಲಿಯನ್ನು ಹೀಗಳೆಯಲು ನನಗೆ ಮನಸ್ಸಿಲ್ಲ. ನೆಲ ಮುಳುಗಿದರೂ ಟುವಾಲು ಒಂದು ದೇಶವಾಗಿಯೇ ಉಳಿಯುತ್ತದೆ ಎಂದು ಅದು ಒಪ್ಪಿಕೊಂಡಿದೆ, ಸಣ್ಣ ಮಾತಲ್ಲ. ಆದರೆ ನಾಲ್ಕನೆಯ ವಿಧಿ ಓದಿದಾಗ ಗಂಟಲಿಗೆ ಮುಳ್ಳು ಸಿಕ್ಕಿದಂತಾಯಿತು. ಸೇನೆ, ಪೊಲೀಸ್, ಬಂದರು, ದೂರಸಂಪರ್ಕ, ವಿದ್ಯುತ್ ಮುಂತಾದ ಭದ್ರತೆಯ ವಿಷಯಗಳಲ್ಲಿ ಬೇರೆ ಯಾವ ದೇಶದೊಂದಿಗೆ ಕೈಜೋಡಿಸಬೇಕಾದರೂ ಟುವಾಲು ಆಸ್ಟ್ರೇಲಿಯಾದ ಒಪ್ಪಿಗೆ ಪಡೆಯಬೇಕು. 2022ರಲ್ಲಿ ಸಾಲೊಮನ್ ದ್ವೀಪಗಳು ಚೀನಾದೊಂದಿಗೆ ಭದ್ರತಾ ಒಪ್ಪಂದ ಮಾಡಿಕೊಂಡಾಗ ಕ್ಯಾನ್‌ಬೆರಾ ಬೆಚ್ಚಿಬಿದ್ದಿತ್ತು. ಈ ವಿಧಿಯಲ್ಲಿ ಆ ಬೆಚ್ಚುವಿಕೆ ಇನ್ನೂ ಆರಿಲ್ಲ. ಫಲೆಪಿಲಿ ಎಂದರೆ ಟುವಾಲು ಭಾಷೆಯಲ್ಲಿ ನೆರೆಹೊರೆಯವರನ್ನು ನೋಡಿಕೊಳ್ಳುವ ರೂಢಿ. ನೆರೆಮನೆಯವರು ಜಗಲಿಯಲ್ಲಿ ಮಲಗಲು ಜಾಗ ಕೊಟ್ಟು, ನಿಮ್ಮ ಮನೆಗೆ ಯಾರು ಬರಬೇಕೆಂದು ಇನ್ನು ನಮ್ಮನ್ನು ಕೇಳಿ ಎಂದರೆ, ನಮ್ಮ ಕಡೆ ಅದಕ್ಕೆ ಜುಟ್ಟು ಹಿಡಿಯುವುದು ಎನ್ನುತ್ತಾರೆ. ನನ್ನ ಗೆಳತಿ ನನ್ನಷ್ಟು ಸಿಟ್ಟಾಗಲಿಲ್ಲ. “ಕೇಳಬೇಕಾದರೂ ನಾವು ಇರಬೇಕಲ್ಲ” ಎಂದಳು, ಅಷ್ಟೆ.

ಆಕೆಯ ತಂಗಿಗೆ ಲಾಟರಿ ಹತ್ತಲಿಲ್ಲ. ಮತ್ತೆ ಹೆಸರು ಬರೆಸುತ್ತಾಳೆ. ತಾಯಿಯಂತೂ ಬರೆಸಲು ಒಪ್ಪಿಲ್ಲ. ಹೋದವರು ಬೇಕಾದಾಗ ಹಿಂತಿರುಗಬಹುದು ಎಂದರೂ, ಹೊಂಡಕ್ಕೆ ಎಲೆ ಹಾಕುವವರು ಯಾರು ಎಂದು ಕೇಳುತ್ತಾರಂತೆ.

ಉಳಿದ ಪತ್ರೊಡೆಯನ್ನು ಡಬ್ಬಿ ಸಮೇತ ಒಯ್ದಿದ್ದಾಳೆ. ಡಬ್ಬಿ ಇನ್ನೂ ಬಂದಿಲ್ಲ.