‘ಎಂಥ ಜನವೋ ಅಂಥ ನಾಯಕ’: ಒಂದು ಚರ್ಚಾಸ್ಪರ್ಧೆಯ ದಿನ

ಕಾಲೇಜು ವಿದ್ಯಾರ್ಥಿಗಳ ಚರ್ಚಾಸ್ಪರ್ಧೆಗೆ ತೀರ್ಪುಗಾರನಾಗಿ ಬನ್ನಿ ಎಂದು ಕರೆದಾಗ ನಾನು ಮೊದಲು ಕೇಳಿದ್ದು ವಿಷಯ ಏನು ಅಂತ. ‘ಕೆಟ್ಟ ನಾಯಕ ತನ್ನ ದೇಶದ ಜನರ ಗುಣವನ್ನೇ ತೋರಿಸುತ್ತಾನೆ’ ಅಂದರು. ತಕ್ಷಣ ಒಪ್ಪಿಕೊಂಡೆ. ಈ ಮಾತು ನನ್ನನ್ನು ಬಹಳ ವರ್ಷಗಳಿಂದ ಕಾಡುತ್ತಿದೆ. ಯಾವುದೋ ದೂರದ ದೇಶದಲ್ಲಿ ಜನ ಸತ್ತ ಸುದ್ದಿ ಬಂದಾಗ, “ಅಂಥವನನ್ನ ತಲೆ ಮೇಲೆ ಕೂರಿಸ್ಕೊಂಡಿದ್ರಲ್ಲ, ಅನುಭವಿಸ್ಲಿ” ಅನ್ನುವವರನ್ನು ಕೇಳಿದ್ದೇನೆ. ಹಾಗೆ ಅನ್ನುವವರು ಕೆಟ್ಟವರಲ್ಲ. ಪಕ್ಕದವರ ಕಷ್ಟಕ್ಕೆ ಓಡಿ ಬರುವವರೇ. ಆದರೆ ಜನ ಮತ್ತು ನಾಯಕ ಒಂದೇ ಅಂತ ಒಮ್ಮೆ ನಂಬಿಬಿಟ್ಟರೆ ಅವರ ಕರುಣೆ ಗಡಿಯ ಹತ್ತಿರ ಬಂದು ನಿಂತುಬಿಡುತ್ತದೆ.

ನನ್ನ ಜೊತೆ ಇನ್ನೊಬ್ಬ ತೀರ್ಪುಗಾರರಿದ್ದರು. ರಾಜ್ಯಶಾಸ್ತ್ರ ಕಲಿಸಿ ನಿವೃತ್ತರಾದ ಮೇಡಮ್. ಅವರು ಕುರ್ಚಿ ಎಳೆದುಕೊಂಡು ಕೂರುವಾಗಲೇ, “ನಾನು ಈ ಮಾತನ್ನ ಒಪ್ತೀನಿ ಸರ್, ಮೊದಲೇ ಹೇಳಿಬಿಡ್ತೀನಿ” ಅಂದರು. ನಾನು ಒಪ್ಪುವುದಿಲ್ಲ ಎಂದೆ. ಒಳ್ಳೆಯದೇ ಆಯಿತು, ಎರಡು ಕಡೆಯವರಿಗೂ ನ್ಯಾಯ ಸಿಗುತ್ತದೆ ಅಂದುಕೊಂಡೆವು.

ಪರವಾಗಿ ಮಾತಾಡಿದ ಮೊದಲ ಹುಡುಗ ಜೋಸೆಫ್ ದ ಮೇಸ್ತ್ರ್‌ನಿಂದ ಶುರು ಮಾಡಿದ. ‘ಪ್ರತಿಯೊಂದು ದೇಶಕ್ಕೂ ಅದರ ಯೋಗ್ಯತೆಗೆ ತಕ್ಕ ಸರ್ಕಾರ ಇರುತ್ತದೆ’ ಅನ್ನುವ ಪ್ರಸಿದ್ಧ ಮಾತು ಅವನದು. 1811ರಲ್ಲಿ ರಷ್ಯಾದಲ್ಲಿ ರಾಯಭಾರಿಯಾಗಿದ್ದಾಗ ಒಂದು ಪತ್ರದಲ್ಲಿ ಬರೆದದ್ದು. ಹುಡುಗ ಹೇಳದೇ ಬಿಟ್ಟ ಸಂಗತಿ ಒಂದಿದೆ. ಮೇಸ್ತ್ರ್ ರಾಜಪ್ರಭುತ್ವದ ಕಟ್ಟಾ ಬೆಂಬಲಿಗ. ಫ್ರೆಂಚ್ ಕ್ರಾಂತಿಯನ್ನು ದ್ವೇಷಿಸಿದವನು. ಸರ್ಕಾರವನ್ನು ಆರಿಸುವ ಹಕ್ಕೇ ಜನರಿಗೆ ಬೇಡ ಎನ್ನುವವನು, ಆ ಸರ್ಕಾರಕ್ಕೆ ನೀವೇ ಕಾರಣ ಎಂದು ಜನರಿಗೆ ಹೇಳುವುದು ನನಗೆ ಯಾವತ್ತೂ ಸರಿ ಕಂಡಿಲ್ಲ. ನಮ್ಮ ಹಳೆಯ ಮಾತು ಇದಕ್ಕೆ ಉಲ್ಟಾ ಇದೆ. ಯಥಾ ರಾಜಾ ತಥಾ ಪ್ರಜಾ. ರಾಜ ಹೇಗೋ ಪ್ರಜೆಗಳು ಹಾಗೆ. ಕಾಲದಿಂದ ರಾಜನೋ, ರಾಜನಿಂದ ಕಾಲವೋ ಎಂಬ ಸಂಶಯವೇ ಬೇಡ, ರಾಜನೇ ಕಾಲಕ್ಕೆ ಕಾರಣ ಎಂದು ಭೀಷ್ಮ ಧರ್ಮರಾಯನಿಗೆ ಹೇಳುತ್ತಾನೆ. ವಿರೋಧವಾಗಿ ಮಾತಾಡಿದ ಒಬ್ಬಳು ಇದನ್ನೇ ಎತ್ತಿಕೊಂಡಳು. ಚಪ್ಪಾಳೆ ಬಿತ್ತು.

ಆಮೇಲೆ ಎಲ್ಲರೂ ನಿರೀಕ್ಷಿಸಿದ್ದ ಜರ್ಮನಿ ಬಂತು. ಹಿಟ್ಲರ್‌ನ ಪಕ್ಷಕ್ಕೆ 1932ರ ಜುಲೈನಲ್ಲಿ ಶೇ. 37ರಷ್ಟು ಮತ ಬಿತ್ತು, ಅದೇ ಎಲ್ಲಕ್ಕಿಂತ ದೊಡ್ಡ ಪಕ್ಷ ಎಂದು ಒಬ್ಬ ಹೇಳಿದ. ನಿಜ. ಎದುರಿನ ತಂಡದವಳು ಎದ್ದು ಅದೇ ವರ್ಷ ನವೆಂಬರ್‌ನಲ್ಲಿ ಅದು ಶೇ. 33ಕ್ಕೆ ಇಳಿದಿತ್ತು ಅಂದಳು. ಅದೂ ನಿಜ. ಅವನನ್ನು 1933ರ ಜನವರಿ 30ರಂದು ಚಾನ್ಸೆಲರ್ ಮಾಡಿದ್ದು ಅಧ್ಯಕ್ಷ ಹಿಂಡೆನ್‌ಬರ್ಗ್. ಇವನನ್ನು ನಾವು ಹಿಡಿತದಲ್ಲಿ ಇಟ್ಟುಕೊಳ್ಳುತ್ತೇವೆ ಎಂದು ನಂಬಿದ ಕೆಲವು ಮುಖಂಡರು ಅದಕ್ಕೆ ದಾರಿ ಮಾಡಿಕೊಟ್ಟರು.

ಇಷ್ಟು ಎಲ್ಲರಿಗೂ ಗೊತ್ತಿರುವುದೇ. ಆ ಹುಡುಗಿ ಇನ್ನೊಂದು ಹೆಜ್ಜೆ ಮುಂದೆ ಹೋದಳು. ಆ ವರ್ಷ ಮಾರ್ಚ್ 23ರಂದು ಹಿಟ್ಲರ್‌ಗೆ ಪೂರ್ತಿ ಅಧಿಕಾರ ಕೊಡುವ ಕಾನೂನು ಸಂಸತ್ತಿನ ಮುಂದೆ ಬಂತು. ಕಮ್ಯುನಿಸ್ಟ್ ಸದಸ್ಯರು ಆಗಲೇ ಜೈಲಿನಲ್ಲೋ ಭೂಗತರಾಗಿಯೋ ಇದ್ದರು. ಸಭಾಂಗಣದೊಳಗೆ ಸಮವಸ್ತ್ರ ತೊಟ್ಟ ನಾಜಿ ಪಡೆಯವರು ನಿಂತಿದ್ದರು. ಅಂಥ ಹೊತ್ತಲ್ಲಿ ಸೋಶಿಯಲ್ ಡೆಮಾಕ್ರಟಿಕ್ ಪಕ್ಷದ ಓಟೋ ವೆಲ್ಸ್ ಎದ್ದು ನಿಂತು, ನಮ್ಮ ಸ್ವಾತಂತ್ರ್ಯವನ್ನು, ಪ್ರಾಣವನ್ನು ಕಿತ್ತುಕೊಳ್ಳಬಹುದು, ಮಾನವನ್ನಲ್ಲ ಅಂದ. ಆ ಪಕ್ಷದ 94 ಸದಸ್ಯರು ವಿರೋಧವಾಗಿ ಮತ ಹಾಕಿದರು. ಪರವಾಗಿ 444. “ಈ 94 ಜನ ಜರ್ಮನ್ನರಲ್ವಾ?” ಎಂದು ಕೇಳಿ ಅವಳು ಕೂತಳು. ನನ್ನ ಅಂಕದ ಹಾಳೆಯಲ್ಲಿ ಅವಳ ಹೆಸರಿನ ಮುಂದೆ ಆಗಲೇ ಒಂದು ಗುರುತು ಹಾಕಿಕೊಂಡೆ.

ಪರ ತಂಡದವರೂ ಸುಮ್ಮನೆ ಕೂರಲಿಲ್ಲ. ಒಬ್ಬ ತೆಳ್ಳಗಿನ ಹುಡುಗ ಪಾರ್ಕಿಂಗ್ ದಂಡದ ಕಥೆ ತಂದ. ಇಡೀ ದಿನದಲ್ಲಿ ನನಗೆ ಅತಿ ಹೆಚ್ಚು ಇಷ್ಟವಾದ ಭಾಗ ಇದು. ನ್ಯೂಯಾರ್ಕಿನಲ್ಲಿ ವಿಶ್ವಸಂಸ್ಥೆಯ ಕೆಲಸಕ್ಕೆ ಬಂದಿರುವ ರಾಜತಾಂತ್ರಿಕರಿಂದ ಪಾರ್ಕಿಂಗ್ ದಂಡ ವಸೂಲಿ ಮಾಡಲು ಆಗುತ್ತಿರಲಿಲ್ಲ. ಎಲ್ಲ ದೇಶದವರಿಗೂ ಒಂದೇ ರಿಯಾಯಿತಿ. ಹಾಗಿದ್ದಾಗ ಯಾರು ಹೇಗೆ ನಡೆದುಕೊಳ್ಳುತ್ತಾರೆ? ರೇಮಂಡ್ ಫಿಸ್ಮನ್ ಮತ್ತು ಎಡ್ವರ್ಡ್ ಮಿಗೆಲ್ ಎಂಬ ಅರ್ಥಶಾಸ್ತ್ರಜ್ಞರು 1997ರಿಂದ 2002ರವರೆಗಿನ ಲೆಕ್ಕ ತೆಗೆದು ನೋಡಿದರು. ಭ್ರಷ್ಟಾಚಾರ ಜಾಸ್ತಿ ಇರುವ ದೇಶಗಳಿಂದ ಬಂದವರೇ ಹೆಚ್ಚು ದಂಡ ಉಳಿಸಿಕೊಂಡಿದ್ದರು. ನಾರ್ವೆ, ಸ್ವೀಡನ್‌ನಂಥ ದೇಶದವರ ಬಾಕಿ ಸೊನ್ನೆ. “ನೋಡಿ, ಗುಣ ಅನ್ನೋದು ಜನರ ಜೊತೆಗೇ ವಿಮಾನ ಹತ್ತಿ ಬರುತ್ತೆ” ಅಂದ ಹುಡುಗ. ಮೇಡಮ್ ಖುಷಿಯಿಂದ ನನ್ನ ಕಡೆ ನೋಡಿದರು.

ಉತ್ತರ ಎದುರಿನ ತಂಡದಿಂದಲೇ ಬಂತು. 2002ರ ಕೊನೆಯಲ್ಲಿ ಕಾನೂನು ಬದಲಾಯಿತು. ದಂಡ ಕಟ್ಟದೇ ಉಳಿಸಿಕೊಂಡರೆ ಕಾರಿನ ರಾಜತಾಂತ್ರಿಕ ನಂಬರ್ ಪ್ಲೇಟನ್ನೇ ಕಿತ್ತುಕೊಳ್ಳುವ ಅಧಿಕಾರ ನಗರಕ್ಕೆ ಸಿಕ್ಕಿತು. ಬಾಕಿ ಉಳಿಯುವ ದಂಡ ಶೇ. 98ರಷ್ಟು ಇಳಿದುಹೋಯಿತು. ಅದೇ ಜನ, ಅದೇ ಊರು. ಹುಟ್ಟಿನಿಂದ ಬಂದ ಗುಣವಾಗಿದ್ದರೆ ಒಂದು ನಂಬರ್ ಪ್ಲೇಟಿಗೆ ಹೆದರಿ ಹೋಗಿಬಿಡುತ್ತಿತ್ತಾ? ನಾನು ಇದಕ್ಕೆ ಇನ್ನೊಂದು ಮಾತು ಸೇರಿಸುತ್ತೇನೆ. ರಾಜತಾಂತ್ರಿಕರು ಸಾಮಾನ್ಯ ಜನ ಅಲ್ಲ. ಅವರನ್ನು ಆರಿಸಿ ಕಳಿಸಿದ್ದು ಅವರವರ ಸರ್ಕಾರಗಳೇ. ಭ್ರಷ್ಟ ಸರ್ಕಾರ ತನಗೆ ಬೇಕಾದವರನ್ನು ಕಳಿಸಿದರೆ, ಅವರ ನಡತೆಯಲ್ಲಿ ಕಾಣುವುದು ಸರ್ಕಾರದ ಗುಣವೇ ಹೊರತು ಅಲ್ಲಿನ ರೈತರದೋ ನರ್ಸ್‌ಗಳದೋ ಅಲ್ಲ.

ಮಧ್ಯಾಹ್ನದ ಬಿಡುವಿನಲ್ಲಿ ಮೇಡಮ್ ಮತ್ತು ನಾನು ಚರ್ಚೆ ಮುಂದುವರಿಸಿದೆವು. “ನೀವು ಜನರನ್ನ ತುಂಬಾ ಸುಲಭವಾಗಿ ಬಿಟ್ಟುಬಿಡ್ತೀರಿ ಸರ್. ಸರ್ವಾಧಿಕಾರಿ ಒಬ್ಬನೇ ಎಲ್ಲ ಮಾಡೋಕಾಗುತ್ತಾ? ಕಡತಕ್ಕೆ ಸಹಿ ಹಾಕೋನು, ಬಾಗಿಲು ಬಡಿಯೋನು, ಪಕ್ಕದ ಮನೆಯವರ ಮೇಲೆ ದೂರು ಕೊಡೋನು, ಇವರೆಲ್ಲ ಯಾರು? ಜನಾನೇ ಅಲ್ವಾ?” ಅಂದರು. ಈ ಮಾತಿಗೆ ತೂಕ ಇದೆ. ನಾನು ಸ್ಟಾನ್ಲಿ ಮಿಲ್‌ಗ್ರಾಮ್‌ನ ಪ್ರಯೋಗ ನೆನಪಿಸಿದೆ. 1961ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಶುರುವಾದದ್ದು. ಪಕ್ಕದ ಕೋಣೆಯಲ್ಲಿರುವವನು ತಪ್ಪು ಉತ್ತರ ಕೊಟ್ಟಾಗಲೆಲ್ಲ ಕರೆಂಟ್ ಶಾಕ್ ಕೊಡಿ ಎಂದು ಹೇಳುತ್ತಿದ್ದರು. ಶಾಕ್ ನಿಜವಾಗಿರಲಿಲ್ಲ, ಕೊಡುವವರಿಗೆ ಅದು ಗೊತ್ತಿರಲಿಲ್ಲ. 40 ಜನರಲ್ಲಿ 26 ಜನ ಕೊನೆಯ 450 ವೋಲ್ಟ್‌ವರೆಗೂ ಹೋದರು. ಅವರೆಲ್ಲ ಪ್ರಜಾಪ್ರಭುತ್ವ ಇರುವ ಅಮೆರಿಕದ ಸಾಮಾನ್ಯ ಗಂಡಸರು.

“ಅಂದ್ರೆ ನಾನು ಹೇಳಿದ್ದೇ ಸರಿ” ಅಂದರು ಮೇಡಮ್. ಇಲ್ಲ, ಇನ್ನೂ ಇದೆ ಎಂದೆ. ಇನ್ನೊಂದು ಸುತ್ತಿನಲ್ಲಿ ಇಬ್ಬರು ಜೊತೆಗಾರರನ್ನು ಕೂರಿಸಿ, ಮಧ್ಯದಲ್ಲೇ ‘ನಮ್ಮಿಂದ ಆಗಲ್ಲ’ ಎಂದು ಅವರು ಎದ್ದು ಹೋಗುವಂತೆ ಮೊದಲೇ ಏರ್ಪಾಡು ಮಾಡಿದ್ದರು. ಆಗ ಕೊನೆವರೆಗೆ ಹೋದವರು 40ರಲ್ಲಿ ನಾಲ್ಕೇ ಜನ. ಗುಣವೊಂದೇ ಎಲ್ಲವನ್ನೂ ತೀರ್ಮಾನಿಸುವುದಾದರೆ 26 ನಾಲ್ಕಕ್ಕೆ ಇಳಿಯುವುದು ಹೇಗೆ? ಪಕ್ಕದವನು ಆಗಲ್ಲ ಅಂದರೆ ನನಗೂ ಆಗಲ್ಲ ಅನ್ನುವ ಧೈರ್ಯ ಬರುತ್ತದೆ. ಕೆಟ್ಟ ನಾಯಕರಿಗೆ ಇದು ಚೆನ್ನಾಗಿ ಗೊತ್ತು. ಅದಕ್ಕೇ ಅವರು ಮೊದಲು ಪತ್ರಿಕೆ, ಸಂಘ, ನ್ಯಾಯಾಲಯ ಮುಚ್ಚಿಸುತ್ತಾರೆ. ಒಬ್ಬನ ‘ಆಗಲ್ಲ’ ಇನ್ನೊಬ್ಬನಿಗೆ ಕೇಳಿಸಬಾರದು. ಮೇಡಮ್ ಯೋಚನೆ ಮಾಡುತ್ತಾ ಎದ್ದರು. ಒಪ್ಪಿದರು ಅಂತ ನಾನು ಹೇಳುವುದಿಲ್ಲ.

ಮಧ್ಯಾಹ್ನದ ಮೇಲೆ ಹೆಚ್ಚಿನವರು ಹಳೆಯದನ್ನೇ ತಿರುಗಿಸಿ ಹೇಳಿದರು. ಅದೆಲ್ಲ ಇಲ್ಲಿ ಬೇಡ. ಕೊನೆಗೆ ಬಂದವಳು ಬೆಳಗ್ಗೆ 94 ಜನರ ಬಗ್ಗೆ ಕೇಳಿದ ಹುಡುಗಿ. ಅವಳು ಒಂದು ದೇಶವನ್ನು ಹಿಡಿದುಕೊಂಡು ಮಾತಾಡಿದಳು: ಕೊರಿಯಾ. 1945ರಲ್ಲಿ ಇಬ್ಬರು ಅಮೆರಿಕನ್ ಸೇನಾಧಿಕಾರಿಗಳು ನಕಾಶೆ ನೋಡಿ 38ನೇ ಅಕ್ಷಾಂಶದ ಮೇಲೆ ಒಂದು ಗೆರೆ ಎಳೆದರು. ಎರಡೂ ಕಡೆ ಒಂದೇ ಭಾಷೆ, ಒಂದೇ ಇತಿಹಾಸ, ಅಣ್ಣತಮ್ಮಂದಿರು. ಉತ್ತರದಲ್ಲಿ ಅಜ್ಜ, ಮಗ, ಮೊಮ್ಮಗ ಆಳುತ್ತಾ ಬಂದಿದ್ದಾರೆ. ದಕ್ಷಿಣವೂ ಮೊದಲಿನಿಂದ ಚೆನ್ನಾಗಿರಲಿಲ್ಲ. 1980ರಲ್ಲಿ ಗ್ವಾಂಗ್ಜು ನಗರದಲ್ಲಿ ಸೈನ್ಯ ತನ್ನದೇ ಜನರನ್ನು ಕೊಂದಿತು. 1987ರಲ್ಲಿ ಜನ ಬೀದಿಗಿಳಿದು ನೇರ ಚುನಾವಣೆಯ ಹಕ್ಕನ್ನು ಗೆದ್ದುಕೊಂಡರು.

ಆಮೇಲೆ 2024ರ ಡಿಸೆಂಬರ್ 3ರ ರಾತ್ರಿಗೆ ಬಂದಳು. ಅಧ್ಯಕ್ಷ ಯೂನ್ ಸುಕ್ ಯೋಲ್ ಇದ್ದಕ್ಕಿದ್ದಂತೆ ಸೈನಿಕ ಕಾನೂನು ಘೋಷಿಸಿದ. ಅವನನ್ನು ಆರಿಸಿದ್ದು ಜನರೇ, 2022ರಲ್ಲಿ, ಶೇ. 1ಕ್ಕಿಂತ ಕಡಿಮೆ ಅಂತರದಲ್ಲಿ. ಸುದ್ದಿ ಕೇಳಿದ ಜನ ರಾತ್ರೋರಾತ್ರಿ ಸಂಸತ್ತಿನ ಮುಂದೆ ಬಂದು ಸೈನಿಕರಿಗೆ ಅಡ್ಡ ನಿಂತರು. ಸಂಸದರು ಬೇಲಿ ಹತ್ತಿ ಒಳಗೆ ಹೋದರು. ಒಳಗೆ ಸೇರಿದ್ದ 190 ಜನರೂ ಅದನ್ನು ರದ್ದು ಮಾಡಿ ಎಂದು ಮತ ಹಾಕಿದರು. ಬೆಳಗಾಗುವ ಮುಂಚೆ ಆದೇಶ ವಾಪಸ್ಸಾಯಿತು. 2025ರ ಏಪ್ರಿಲ್‌ನಲ್ಲಿ ಸಾಂವಿಧಾನಿಕ ನ್ಯಾಯಾಲಯ ಅವನನ್ನು ಹುದ್ದೆಯಿಂದಲೇ ತೆಗೆಯಿತು.

“ಈಗ ಹೇಳಿ, ಆ ರಾತ್ರಿ ಕೊರಿಯಾದ ಗುಣ ಎಲ್ಲಿತ್ತು? ಅಧ್ಯಕ್ಷರ ಕಚೇರಿಯಲ್ಲೋ, ಬೀದಿಯಲ್ಲೋ?” ಅಂದಳು. ತೀರ್ಪುಗಾರ ಮುಖದಲ್ಲಿ ಏನನ್ನೂ ತೋರಿಸಬಾರದು. ನನಗೆ ಕಷ್ಟವಾಯಿತು.

ಅವಳು ಅಲ್ಲಿಗೇ ನಿಲ್ಲಿಸಲಿಲ್ಲ. ಬೀದಿಗೆ ಬಂದ ಜನ ಎಲ್ಲ ಕಡೆ ಗೆಲ್ಲುವುದಿಲ್ಲ ಎಂದು ಮ್ಯಾನ್ಮಾರ್ ತೋರಿಸಿದಳು. ಅಲ್ಲಿ 1990ರ ಚುನಾವಣೆಯಲ್ಲಿ ಜನ ಸೈನ್ಯದ ವಿರುದ್ಧ ಭಾರಿ ಬಹುಮತ ಕೊಟ್ಟರು, ಸೈನ್ಯ ಅಧಿಕಾರ ಬಿಡಲಿಲ್ಲ. 2020ರಲ್ಲಿ ಮತ್ತೆ ಕೊಟ್ಟರು, 2021ರ ಫೆಬ್ರವರಿ 1ರಂದು ಸೈನ್ಯ ಎಲ್ಲವನ್ನೂ ಕಿತ್ತುಕೊಂಡಿತು. ವೈದ್ಯರು, ಶಿಕ್ಷಕರು ಕೆಲಸ ಬಿಟ್ಟು ಹೊರಬಂದರು. ರಾತ್ರಿ ಹೊತ್ತು ಜನ ಪಾತ್ರೆ ಬಡಿದರು. ಗುಂಡು ತಿಂದರು. “ಇವರ ಗುಣದಲ್ಲಿ ಏನು ಕಡಿಮೆ ಇತ್ತು? ಜನ ಎಂಥವರು ಅಂತ ಕೇಳೋ ಮುಂಚೆ, ಅಲ್ಲಿ ‘ಬೇಡ’ ಅನ್ನೋಕೆ ಎಷ್ಟು ಬೆಲೆ ಕೊಡಬೇಕು ಅಂತ ಕೇಳಬೇಕು” ಎಂದು ಮುಗಿಸಿದಳು.

ನನ್ನ ಮನಸ್ಸಿನಲ್ಲಿ ಇಷ್ಟು ವರ್ಷ ಇದ್ದದ್ದು ಇದೇ. ಸದ್ದಾಂ ಹುಸೇನ್ 1988ರಲ್ಲಿ ಹಲಬ್ಜಾದಲ್ಲಿ ತನ್ನದೇ ದೇಶದ ಕುರ್ದ್ ಜನರ ಮೇಲೆ ವಿಷಾನಿಲ ಸುರಿಸಿದ. ಎರಡು ವರ್ಷಕ್ಕೆ ಅವನು ಕುವೈತನ್ನು ಆಕ್ರಮಿಸಿದಾಗ ಇರಾಕಿನ ಮೇಲೆ ಆರ್ಥಿಕ ನಿರ್ಬಂಧ ಬಂತು. ಅದು 2003ರವರೆಗೆ ನಡೆಯಿತು. ಆಸ್ಪತ್ರೆಗಳಲ್ಲಿ ಔಷಧಿ ಇಲ್ಲದಾಯಿತು, ಸದ್ದಾಂ ಅರಮನೆ ಕಟ್ಟುತ್ತಲೇ ಇದ್ದ. ಅವನನ್ನು ಆರಿಸದ ಜನ, ಅವನಿಂದ ಸತ್ತ ಜನ, ಅವನ ಲೆಕ್ಕಕ್ಕೇ ಸೇರಿಹೋದರು. ‘ಎಂಥ ಜನವೋ ಅಂಥ ನಾಯಕ’ ಎಂದು ಯಾರಾದರೂ ಹೇಳಿದಾಗ ನನಗೆ ಸಂಕಟವಾಗುವುದು ಇದಕ್ಕೇ. ಅದನ್ನು ಹೇಳಲು ನಮಗೆ ಏನೂ ಖರ್ಚಾಗುವುದಿಲ್ಲ. ಕಷ್ಟ ಪಡುವವರು ಬೇರೆ ಯಾರೋ.

ಅಂಕ ಕೂಡುವಾಗ ಮೇಡಮ್ ತಕರಾರು ತೆಗೆದರು. ಹುಡುಗಿ ವಿಷಯವನ್ನೇ ಬದಲಾಯಿಸಿಬಿಟ್ಟಳು, ಅದಕ್ಕೆ ಅಂಕ ಕಳೆಯಬೇಕು ಅಂತ. ನಾನು ಬಿಡಲಿಲ್ಲ. ಪ್ರಶ್ನೆಯೇ ಸರಿಯಿಲ್ಲ ಎಂದು ತೋರಿಸುವುದೂ ಉತ್ತರವೇ ಎಂದು ವಾದ ಮಾಡಿದೆ. ಕೊನೆಗೆ ಇಬ್ಬರ ಅಂಕ ಸೇರಿಸಿದಾಗ ಅವಳಿಗೆ ಮೊದಲ ಬಹುಮಾನ, ಪಾರ್ಕಿಂಗ್ ದಂಡದ ಹುಡುಗನಿಗೆ ಎರಡನೆಯದು.

ಆ ಹುಡುಗ ಬಹುಮಾನ ತಗೊಂಡು ಸೀದಾ ನಮ್ಮ ಹತ್ತಿರ ಬಂದ. “ಸರ್, ಹಾಗಾದ್ರೆ ಜನರಿಗೆ ಯಾವ ಹೊಣೇನೂ ಇಲ್ವಾ? ಯಾರನ್ನೂ ಏನೂ ಕೇಳಬಾರದಾ?” ಸೋತ ಬೇಜಾರಿನಿಂದ ಕೇಳಿದ್ದಲ್ಲ. ಅವನಿಗೆ ನಿಜವಾಗಿ ಉತ್ತರ ಬೇಕಿತ್ತು.

ಇದೆ ಎಂದೆ. ‘ಬೇಡ’ ಅನ್ನುವುದು ಅಗ್ಗವಾಗಿರುವ ಕಡೆ, ಅಂದರೆ ಮತ ಸ್ವತಂತ್ರವಾಗಿದ್ದು ಪ್ರಶ್ನೆ ಕೇಳಿದವನಿಗೆ ಜೈಲಿಲ್ಲದ ಕಡೆ, ಗೊತ್ತಿದ್ದೂ ಕ್ರೂರಿಯನ್ನು ಆರಿಸಿದವನು ಅದಕ್ಕೆ ಉತ್ತರ ಕೊಡಬೇಕು. ಆದರೆ ಅದು ಅವನ ತಪ್ಪು. ಅವನ ಪಕ್ಕದ ಮನೆಯವನದಲ್ಲ. ಆಮೇಲೆ ಕಾರ್ಲ್ ಯಾಸ್ಪರ್ಸ್ ಬಗ್ಗೆ ಹೇಳಿದೆ. ಹೆಂಡತಿ ಯಹೂದಿ ಎಂಬ ಕಾರಣಕ್ಕೆ ನಾಜಿಗಳು 1937ರಲ್ಲಿ ಈ ತತ್ವಜ್ಞಾನಿಯನ್ನು ಕೆಲಸದಿಂದ ತೆಗೆದಿದ್ದರು. ಯುದ್ಧ ಮುಗಿದ ಚಳಿಗಾಲದಲ್ಲಿ ಹೈಡಲ್‌ಬರ್ಗ್‌ನಲ್ಲಿ ಸೋತ ದೇಶದ ವಿದ್ಯಾರ್ಥಿಗಳ ಮುಂದೆ ಅವನು ಇದೇ ಪ್ರಶ್ನೆ ಎತ್ತಿಕೊಂಡ. ಅಪರಾಧ ಮಾಡಿದವನನ್ನು ನ್ಯಾಯಾಲಯ ವಿಚಾರಿಸಬೇಕು. ನೈತಿಕ ತಪ್ಪನ್ನು ಒಬ್ಬೊಬ್ಬನೂ ತನ್ನ ಮನಸ್ಸಾಕ್ಷಿಯ ಮುಂದೆ ನೋಡಿಕೊಳ್ಳಬೇಕು, ಇಡೀ ಜನಾಂಗದ ಮೇಲೆ ಅದನ್ನು ಹೊರಿಸಲು ಬರುವುದಿಲ್ಲ. ಆದರೆ ದೇಶ ಮಾಡಿದ್ದರ ರಾಜಕೀಯ ಹೊಣೆಯನ್ನು ಎಲ್ಲ ಪ್ರಜೆಗಳೂ ಹೊರಬೇಕು ಎಂದ.

“ಮತ ಹಾಕದೇ ಇದ್ದವರೂ ಯಾಕೆ ಹೊರಬೇಕು?” ಎಂದು ಹುಡುಗ ಪಟ್ಟು ಹಿಡಿದ. ಈ ಸಲ ಉತ್ತರ ಕೊಟ್ಟದ್ದು ಮೇಡಮ್. ಪಶ್ಚಿಮ ಜರ್ಮನಿ 1952ರಲ್ಲಿ ಇಸ್ರೇಲ್‌ಗೆ 300 ಕೋಟಿ ಮಾರ್ಕ್ ಪರಿಹಾರ ಕೊಡಲು ಒಪ್ಪಂದ ಮಾಡಿಕೊಂಡಿತು. ಮರುವರ್ಷ ಅದು ಸಂಸತ್ತಿಗೆ ಬಂದಾಗ ಆಳುವ ಕಡೆಯಲ್ಲೇ ಎಷ್ಟೋ ಜನ ಬೆಂಬಲ ಕೊಡಲಿಲ್ಲ. ಪೂರ್ತಿಯಾಗಿ ಪರ ನಿಂತದ್ದು ವಿರೋಧ ಪಕ್ಷ ಸೋಶಿಯಲ್ ಡೆಮಾಕ್ರಟ್‌ರು. ಆ 94 ಜನರ ಪಕ್ಷ. ಅವರಲ್ಲೊಬ್ಬನಾಗಿದ್ದ ಕುರ್ಟ್ ಶೂಮಾಕರ್ ಹಿಟ್ಲರ್‌ನ ಸೆರೆಶಿಬಿರಗಳಲ್ಲಿ ಹತ್ತು ವರ್ಷದ ಹತ್ತಿರ ಕಳೆದು, ಬದುಕಿ ಬಂದು, ಆ ಪಕ್ಷವನ್ನು ಮತ್ತೆ ಕಟ್ಟಿದ್ದ. ಪರಿಹಾರ ಕೊಡಬೇಕು ಎಂದು ಪಟ್ಟು ಹಿಡಿದವರಲ್ಲಿ ಅವನೂ ಒಬ್ಬ.